ಮುಗಿಯುವ ದಿನ ಗೊತ್ತಿಲ್ಲದ ಕಷ್ಟದಲ್ಲಿ ಮನಸ್ಸನ್ನೂ ದೇಹವನ್ನೂ ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಆರು ವರ್ಷಗಳಾದವು. ತಾಯಿ ಇಲ್ಲ. ತಂದೆಯವರ ಆರೈಕೆ, ಮನೆಯಿಂದಲೇ ಮಾಡುವ ಉದ್ಯೋಗ, ಚಿಕಿತ್ಸೆಗೆಂದು ಮಾಡಿದ ಸಾಲದ ಕಂತು, ಎಲ್ಲವೂ ನನ್ನ ಹೆಗಲ ಮೇಲಿವೆ. ಬೆನ್ನಿನಲ್ಲಿ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕಾದ್ದರಿಂದ ರಾತ್ರಿಯೂ ಅಲಾರಂ ಇಟ್ಟುಕೊಂಡೇ ಮಲಗುತ್ತೇನೆ. ಮೊದಲ ಎರಡು ವರ್ಷ ‘ಇದೊಂದು ಮುಗಿಯಲಿ, ಆಮೇಲೆ ನನ್ನ ಬದುಕು ನೋಡಿಕೊಂಡರಾಯಿತು’ ಎಂದುಕೊಂಡು ದಿನ ದೂಡಿದೆ. ಈಗ ಆ ಮಾತು ಮನಸ್ಸಿಗೆ ಬಂದರೇ ಭಯವಾಗುತ್ತದೆ, ಏಕೆಂದರೆ ‘ಇದು ಮುಗಿಯಲಿ’ ಎಂದರೆ ತಂದೆಯವರು ಇಲ್ಲವಾಗಲಿ ಎಂದೇ ಅರ್ಥವಲ್ಲವೇ?

ಕಳೆದ ವಾರ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಾಗ ಯಾವುದೋ ಮಾತಿಗೆ ಜೋರಾಗಿ ನಕ್ಕುಬಿಟ್ಟೆ. ಒಳಕೋಣೆಯಲ್ಲಿ ತಂದೆಯವರು ಎಚ್ಚರವಾಗಿದ್ದಾರೆಂಬುದು ನೆನಪಾದೊಡನೆ ನಗು ಅರ್ಧಕ್ಕೇ ನಿಂತಿತು. ತಪ್ಪು ಮಾಡಿದವಳಂತೆ ಫೋನ್ ಇಟ್ಟೆ. ವರ್ಷಗಟ್ಟಲೆ ಸಾಗುವ ಕಷ್ಟದೊಳಗೆ ಇದ್ದುಕೊಂಡೇ ನೆಮ್ಮದಿಯಾಗಿರಲು ಸಾಧ್ಯವೇ? ‘ಧೈರ್ಯವಾಗಿರು’ ಎಂಬ ಮಾತನ್ನು ಸಾಕಷ್ಟು ಕೇಳಿದ್ದೇನೆ. ಇಂಥ ಸ್ಥಿತಿಯಲ್ಲಿ ಬಾಳಿದವರು ನಿಜವಾಗಿ ಏನು ಮಾಡಿದರು ಎಂದು ತಿಳಿಯಬೇಕಾಗಿದೆ.

ಉತ್ತರ 1

ಸೋದರಿ, ನಿಮ್ಮ ನಗು ಅರ್ಧಕ್ಕೆ ನಿಂತ ಸಂಗತಿಯನ್ನು ಓದಿ ನನ್ನದೇ ಹಳೆಯ ದಿನಗಳು ಕಣ್ಣ ಮುಂದೆ ಬಂದವು. ನನ್ನ ಪತ್ನಿಯ ಎರಡೂ ಮೂತ್ರಪಿಂಡಗಳು ವಿಫಲವಾಗಿ ಎಂಟು ವರ್ಷ ಡಯಾಲಿಸಿಸ್ ನಡೆಯಿತು. ವಾರಕ್ಕೆ ಮೂರು ಬಾರಿ, ಒಂದೊಂದು ಸಲವೂ ನಾಲ್ಕು ಗಂಟೆ. ಮೊದಲ ವರ್ಷ ಆ ನಾಲ್ಕು ಗಂಟೆಯೂ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆ. ಬೇರೆ ಏನು ಮಾಡಿದರೂ ಅವಳಿಗೆ ದ್ರೋಹ ಬಗೆದಂತೆ ಎಂಬ ಭಾವನೆ ನನಗಿತ್ತು.

ಒಮ್ಮೆ ಚೀಲದಲ್ಲಿ ಮಗನ ಹಳೆಯ ಗಣಿತದ ಪುಸ್ತಕ ಉಳಿದುಬಿಟ್ಟಿತ್ತು. ಕೈಗೆ ಬೇರೆ ಕೆಲಸವಿಲ್ಲದೆ, ರಸೀದಿಯೊಂದರ ಹಿಂಬದಿಯಲ್ಲಿ ಒಂದು ಲೆಕ್ಕ ಬಿಡಿಸಿದೆ, ಆಮೇಲೆ ಇನ್ನೊಂದು. ಮುಂದೆ ಅದೇ ರೂಢಿಯಾಯಿತು. ಕೆಲವು ತಿಂಗಳ ನಂತರ, ಚಿಕಿತ್ಸೆ ಮುಗಿಸಿ ಸುಸ್ತಾಗಿ ಹೊರಬಂದ ನನ್ನ ಪತ್ನಿ ಮೊದಲು ಕೇಳುತ್ತಿದ್ದುದೇ ‘ಇವತ್ತು ಎಷ್ಟು ಲೆಕ್ಕ ಆಯಿತು?’ ಎಂದು. ಕಾಯಿಲೆಯನ್ನು ಬಿಟ್ಟು ಆಡಲು ನಮ್ಮಿಬ್ಬರಿಗೂ ಒಂದು ಮಾತು ಸಿಕ್ಕಿತ್ತು. ನಾನು ಬಾಗಿಲು ನೋಡುತ್ತ ಕುಳಿತಿದ್ದರಿಂದ ಅವಳಿಗೆ ಯಾವ ಉಪಕಾರವೂ ಆಗಿರಲಿಲ್ಲ ಎಂಬುದು ನನಗೆ ಅರಿವಾದದ್ದು ಆಗಲೇ.

ಇದು ನನ್ನೊಬ್ಬನ ಅನುಭವವಲ್ಲ ಎಂದು ಬಹಳ ತಡವಾಗಿ ತಿಳಿಯಿತು. 1990ರ ದಶಕದಲ್ಲಿ ಸುಸಾನ್ ಫೋಕ್‌ಮನ್ ಎಂಬ ಮನೋವಿಜ್ಞಾನಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ಸಂಗಾತಿಗಳನ್ನು ನೋಡಿಕೊಳ್ಳುತ್ತಿದ್ದವರ ಅಧ್ಯಯನ ನಡೆಸಿದರು. ಬರೀ ಕಷ್ಟಗಳ ಬಗ್ಗೆಯೇ ಕೇಳುತ್ತೀರಿ, ನಮಗೆ ಸಂತೋಷ ಕೊಟ್ಟದ್ದನ್ನು ಕೇಳುವುದೇ ಇಲ್ಲ ಎಂದು ಆಕ್ಷೇಪಿಸಿದವರು ಆ ಆರೈಕೆದಾರರೇ! ತೀವ್ರ ದುಃಖವಿದ್ದ ಕಾಲದಲ್ಲೇ ಸಣ್ಣ ಸಣ್ಣ ಸಂತೋಷಗಳೂ ಅವರ ಬದುಕಿನಲ್ಲಿದ್ದವು, ಮತ್ತು ಆ ದುಃಖವನ್ನು ತಾಳಿಕೊಳ್ಳಲು ಅವು ನೆರವಾಗುತ್ತಿದ್ದವು. ಆದ್ದರಿಂದ ನಿಮ್ಮ ನಗುವನ್ನು ತಪ್ಪೆಂದು ಎಣಿಸಬೇಡಿ. ‘ಆಮೇಲೆ’ ಎಂದು ಎತ್ತಿಟ್ಟಿರುವ ಬದುಕಿನಲ್ಲಿ ಒಂದು ಚೂರನ್ನಾದರೂ ಇಂದಿಗೇ ತಂದುಕೊಳ್ಳಿ, ಅದು ಕಾಲು ಗಂಟೆಯದ್ದಾದರೂ ಸರಿ.

ಉತ್ತರ 2

ನಾನು ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ‘ಇದು ಮುಗಿಯಲಿ’ ಎಂಬ ಯೋಚನೆ ದೀರ್ಘಕಾಲ ಆರೈಕೆ ಮಾಡುವ ಬಹಳ ಜನರಿಗೆ ಬರುತ್ತದೆ, ಆದರೆ ನಾಚಿಕೆಯಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಯೋಚನೆ ಬಯಸುವುದು ದಣಿವು ಮುಗಿಯುವುದನ್ನು, ತಂದೆಯವರ ಸಾವನ್ನಲ್ಲ. ಇನ್ನೊಂದು ಮಾತು: ತಂದೆಯವರು ಕಣ್ಣ ಮುಂದೆಯೇ ಇದ್ದಾರೆ, ಆದರೆ ಮೊದಲಿನ ತಂದೆಯಾಗಿ ಇಲ್ಲ. ಇಂಥ ಕೊನೆಗಾಣದ ನಷ್ಟವನ್ನು ಪೌಲೀನ್ ಬಾಸ್ ಎಂಬ ವಿದ್ವಾಂಸೆ 1970ರ ದಶಕದಿಂದಲೇ ಅಧ್ಯಯನ ಮಾಡಿ ಅದಕ್ಕೊಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ‘ಅಸ್ಪಷ್ಟ ನಷ್ಟ’ ಎನ್ನಬಹುದು. ನೀವು ಆರು ವರ್ಷಗಳಿಂದ ಶೋಕದಲ್ಲಿಯೂ ಇದ್ದೀರಿ ಎಂಬುದನ್ನು ದಯವಿಟ್ಟು ಗುರುತಿಸಿಕೊಳ್ಳಿ.

ನನಗೆ ಹೆಚ್ಚು ಆತಂಕವಾದದ್ದು ನಿಮ್ಮ ನಿದ್ದೆಯ ಬಗ್ಗೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರೆಗುಳಿತನದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ಚರ್ಮದ ಮೇಲೆ ಮಾಡಿದ ಸಣ್ಣ ಗಾಯ ಮಾಯಲು, ಅದೇ ವಯಸ್ಸಿನ ಇತರರಿಗಿಂತ ಸರಾಸರಿ 9 ದಿನ ಹೆಚ್ಚು ಬೇಕಾಯಿತು. ದೀರ್ಘ ಒತ್ತಡ ದೇಹದೊಳಗೂ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿಲ್ಲ. ಮೈಮೇಲೆ ಬೀಳುವ ಒತ್ತಡವನ್ನು ಕಡಿಮೆ ಮಾಡುವ ಏರ್ ಬೆಡ್ (ಗಾಳಿ ತುಂಬಿದ ಹಾಸಿಗೆ) ಬಳಸಿದರೆ ರಾತ್ರಿ ಮಗ್ಗುಲು ಬದಲಿಸುವ ಅಂತರವನ್ನು ಹೆಚ್ಚಿಸಬಹುದೇ ಎಂದು ವೈದ್ಯರನ್ನು ಕೇಳಿ. ಅವರನ್ನು ಕೇಳದೆ ಬದಲಾಯಿಸಬೇಡಿ. ವಾರದಲ್ಲಿ ಒಂದು ರಾತ್ರಿಯಾದರೂ ಬೇರೆಯವರು ಆ ಪಾಳಿ ವಹಿಸಿಕೊಳ್ಳಲಿ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಯಾವುದರಲ್ಲೂ ಆಸಕ್ತಿಯಿಲ್ಲದಂತಾದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಅದೇ ದಿನ ಯಾರಿಗಾದರೂ ತಿಳಿಸಿ ಸಹಾಯ ಪಡೆಯಿರಿ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಹೊರೆಯೇ ಇಳಿಯದೆ ಮನಸ್ಸನ್ನು ಮಾತ್ರ ಸರಿಪಡಿಸಿಕೊಳ್ಳಿ ಎಂದರೆ ಅದು ನಿಮಗೆ ಮತ್ತೊಂದು ಹೊರೆಯೇ ಆದೀತು. ನಾನು ಒಂಬತ್ತು ವರ್ಷ ಸಾಲ ತೀರಿಸಿದವನು. ಯಾರಿಗೆ ಎಷ್ಟು, ಬಡ್ಡಿ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದಿಟ್ಟ ರಾತ್ರಿ ಸಾಲವೇನೂ ಕಡಿಮೆಯಾಗಲಿಲ್ಲ, ಆದರೆ ಅದು ತಲೆಯಿಂದ ಕಾಗದಕ್ಕೆ ಇಳಿಯಿತು. ಕಂತು ತಪ್ಪಿದ ಮೇಲೆ ಹೋಗುವುದಕ್ಕಿಂತ ತಪ್ಪುವ ಮೊದಲೇ ಸಾಲ ಕೊಟ್ಟವರ ಬಳಿ ಅವಧಿ ವಿಸ್ತರಣೆಯ ಮಾತಾಡುವುದು ಮೇಲು.

ನೆರವು ಕೇಳುವಾಗಲೂ ಹಾಗೆಯೇ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದವರಿಗೆ ‘ಪರವಾಗಿಲ್ಲ’ ಎಂದು ಉತ್ತರಿಸಿ ನಾನು ಬಹಳ ಜನರನ್ನು ದೂರ ಮಾಡಿಕೊಂಡೆ. ಇಂಥ ದಿನ, ಇಷ್ಟು ಹೊತ್ತು, ಇಂಥ ಕೆಲಸ ಎಂದು ಕೇಳಿ. ಅವರಿಗೂ ಒಪ್ಪಿಕೊಳ್ಳಲು ಸುಲಭ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಎರಡೆರಡು ಬಾರಿ ಓದಿದೆ. ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ, ಶನಿವಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತಂದೆಯವರ ಬಳಿ ಇರಲು ಸಾಧ್ಯವೇ ಎಂದು ಕೇಳಿದೆ. ‘ಇದನ್ನು ಕೇಳಲು ಆರು ವರ್ಷ ಬೇಕಾಯಿತೇ?’ ಎಂದ ಅಣ್ಣ ಒಂಬತ್ತಕ್ಕೇ ಬಂದ. ಮಗ್ಗುಲು ಬದಲಿಸುವಾಗ ದಿಂಬನ್ನು ಎಲ್ಲಿಡಬೇಕೆಂದು ತೋರಿಸಿಕೊಟ್ಟು ಮಲಗಿದೆ. ಅಲಾರಂ ಇಡದಿದ್ದರೂ ಎರಡು ಗಂಟೆಗೆ ಎಚ್ಚರವಾಯಿತು. ಆ ಕೋಣೆಯಲ್ಲಿ ಅಣ್ಣ ‘ಚಿಕ್ಕಪ್ಪ, ಈ ಕಡೆ ತಿರುಗೋಣವೇ?’ ಎಂದು ಮೆಲ್ಲಗೆ ಕೇಳುತ್ತಿದ್ದುದು ಕಿವಿಗೆ ಬಿತ್ತು, ಮತ್ತೆ ನಿದ್ದೆ ಹತ್ತಿತು.