ಸೈಟ್ ಒಂದು ದೇಶದಲ್ಲಿ, ಪ್ರಾಜೆಕ್ಟ್ ಮ್ಯಾನೇಜರ್ ಇನ್ನೊಂದರಲ್ಲಿ. ಕೆಲಸಗಾರ ಬಿದ್ದರೆ ಹೊಣೆ ಯಾರದು?

ಮೂರು_ಗಡಿಯಾರ:
ನಾನು ಪ್ರಾಜೆಕ್ಟ್ ಮ್ಯಾನೇಜರ್ (ಪಿಎಂ). ಮೂರು ದೇಶಗಳ ಗೋದಾಮುಗಳಲ್ಲಿ ಕನ್ವೇಯರ್ ಕೂರಿಸುವ ಕೆಲಸ ನೋಡಿಕೊಳ್ಳುತ್ತೇನೆ. ಕೂರುವುದು ನಾಲ್ಕನೇ ದೇಶದಲ್ಲಿ. ಎದುರು ಗೋಡೆ ಮೇಲೆ ಮೂರು ಗಡಿಯಾರ, ಅದಕ್ಕೇ ಈ ಹೆಸರು.

ಎರಡು ತಿಂಗಳ ಹಿಂದೆ ಒಂದು ಸೈಟಿನ ಜೊತೆ ವಿಡಿಯೋ ಕಾಲ್ ನಡೀತಿತ್ತು. ಸೂಪರ್‌ವೈಸರ್ ಫೋನ್ ಹಿಡಿದು ನಡೆಯುತ್ತಾ, ಕೆಲಸ ಎಲ್ಲಿಗೆ ಬಂದಿದೆ ಅಂತ ತೋರಿಸ್ತಿದ್ದರು. ಅವರ ಬೆನ್ನ ಹಿಂದೆ ಒಬ್ಬ ಹುಡುಗ, ಫೋರ್ಕ್‌ಲಿಫ್ಟ್ ಎತ್ತಿ ಹಿಡಿದ ಮರದ ಪ್ಯಾಲೆಟ್ ಮೇಲೆ ನಿಂತು ಕೇಬಲ್ ಟ್ರೇಗೆ ಬೋಲ್ಟ್ ಹಾಕ್ತಿದ್ದ. ನಾಲ್ಕು ಮೀಟರ್ ಎತ್ತರ ಇರಬಹುದು. ಒಂದು ಕೈಲಿ ಸ್ಪ್ಯಾನರ್, ಇನ್ನೊಂದು ಕೈಲಿ ಟ್ರೇ ಹಿಡಿದಿದ್ದ. ತೆರೆ ಮೇಲೆ ಕಂಡಿದ್ದು ಎರಡು ಸೆಕೆಂಡ್. ನಾನು ಕೇಳಿದ್ದು ಒಂದೇ ಮಾತು: "ಆ ಕಡೆ ಇನ್ನೆಷ್ಟು ಮೀಟರ್ ಬಾಕಿ?"

ಮೂರು ವಾರದ ಮೇಲೆ ಅದೇ ಜಾಗದಲ್ಲಿ, ಅದೇ ತರ ನಿಂತಿದ್ದ ಒಬ್ಬರು ಬಿದ್ದರು. ಕಾಲು ಎರಡು ಕಡೆ ಮುರಿದಿದೆ. ಕಾಂಟ್ರಾಕ್ಟರ್‌ನ ಸಬ್‌ಕಾಂಟ್ರಾಕ್ಟರ್ ಕಡೆಯವರು. ಈಗ ನಮ್ಮ ಮೇಲಿನವರು "ಪಿಎಂ ಆಗಿ ನಿಮ್ಮ ಹೊಣೆ ಏನಿತ್ತು, ಬರೆದು ಕೊಡಿ" ಅಂತಿದ್ದಾರೆ. ಸೇಫ್ಟಿ ಪೂರ್ತಿ ಕಾಂಟ್ರಾಕ್ಟರ್‌ದು ಅಂತ ಕಾಂಟ್ರಾಕ್ಟ್‌ನಲ್ಲಿದೆ. ಏನು ಬರೆಯಲಿ?

ಶೆಡ್ಯೂಲ್_ಶಾಸ್ತ್ರಿ:
ಕಾಂಟ್ರಾಕ್ಟ್‌ನಲ್ಲಿ ಇರೋದನ್ನೇ ಬರೆಯಿರಿ, ಮುಗೀತು. ಆ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ನೀವಲ್ಲ. ಸಂಬಳ ಕೊಡೋದು ನೀವಲ್ಲ. ಅಲ್ಲಿನ ಕಾನೂನು ಗೊತ್ತಿಲ್ಲ, ಭಾಷೆ ಬರೋದಿಲ್ಲ. ಸಾವಿರಾರು ಕಿಲೋಮೀಟರ್ ದೂರ ಕೂತು "ಅವನನ್ನ ಇಳಿಸಿ" ಅಂದಿದ್ದರೆ, ಅವತ್ತಿಂದ ಆ ಸೈಟಿನ ಪ್ರತಿ ಏಣಿಯೂ ನಿಮ್ಮ ತಲೆ ಮೇಲೆ. ಕೈ ಹಾಕಿದವನೇ ಹೊಣೆ ಹೊರಬೇಕು ಅಂತ ಲಾಯರ್‌ಗಳೇ ಹೇಳ್ತಾರೆ. 18 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಪಿಎಂ ಅಂದ್ರೆ ಎಲ್ಲದಕ್ಕೂ ಬೈಸಿಕೊಳ್ಳೋನು ಅಂತ ಆಗಿಬಿಟ್ಟಿದೆ.

ವಕೀಲಮ್ಮ:
ಶಾಸ್ತ್ರಿಗಳೇ, ಹಾಗೆ ಹೇಳೋ ಲಾಯರ್‌ಗಳು ಇದ್ದಾರೆ. ಆದರೆ ಅವರು ನೋಡ್ತಿರೋದು ಪರಿಹಾರದ ದುಡ್ಡು ಯಾರ ಜೇಬಿಂದ ಹೋಗುತ್ತೆ ಅನ್ನೋದನ್ನ. ಕಾಂಟ್ರಾಕ್ಟ್‌ನ ಆ ಸಾಲು ಅಲ್ಲಿ ಕೆಲಸಕ್ಕೆ ಬರಬಹುದು. ಕ್ರಿಮಿನಲ್ ಹೊಣೆಯನ್ನು ಕಾಂಟ್ರಾಕ್ಟ್ ಬರೆದು ಬೇರೆಯವರಿಗೆ ದಾಟಿಸೋಕೆ ಆಗಲ್ಲ.

ಕೆಲಸದ ಜಾಗದ ಸುರಕ್ಷತೆ ಬಗ್ಗೆ ಬ್ರಿಟನ್ನಿನ 1974ರ ಕಾಯ್ದೆ ತಗೊಳ್ಳಿ. 7ನೇ ಸೆಕ್ಷನ್ ಪ್ರಕಾರ ಪ್ರತಿ ನೌಕರನೂ ತಾನು ಮಾಡಿದ್ದರಿಂದ ಅಥವಾ ಮಾಡದೆ ಬಿಟ್ಟಿದ್ದರಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ಎಚ್ಚರ ವಹಿಸಬೇಕು. ಪಿಎಂ ಕೂಡ ನೌಕರನೇ ಅಲ್ವಾ? 37ನೇ ಸೆಕ್ಷನ್ ಇನ್ನೂ ಮೇಲಿನವರಿಗೆ. ಕಂಪನಿ ತಪ್ಪಿಗೆ ಒಪ್ಪಿಗೆ ಕೊಟ್ಟ, ಕಂಡೂ ಕಾಣದ ಹಾಗಿದ್ದ, ನಿರ್ಲಕ್ಷ್ಯ ಮಾಡಿದ ಡೈರೆಕ್ಟರು, ಮ್ಯಾನೇಜರು ಸಿಕ್ಕಿಬೀಳ್ತಾರೆ. ಇಲ್ಲಿ ಮ್ಯಾನೇಜರ್ ಅಂದ್ರೆ ಕಂಪನಿ ನಡೆಸುವ ಮಟ್ಟದವರು, ವಿಸಿಟಿಂಗ್ ಕಾರ್ಡಿನಲ್ಲಿ ಹಾಗೆ ಅಚ್ಚಾದವರೆಲ್ಲ ಅಲ್ಲ.

ಅಮೆರಿಕದಲ್ಲಿ ಕೆಲಸದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾ ದಂಡ ಹಾಕೋದು ಕಂಪನಿಗೆ, ವ್ಯಕ್ತಿಗಲ್ಲ. ಆದರೆ ಗಾಯಗೊಂಡವನು ಬೇರೆ ಕಂಪನಿಯವನಾದರೂ, ಸೈಟಿನ ಮೇಲೆ ಒಟ್ಟು ಹಿಡಿತ ಇರುವ ಕಂಪನಿಗೂ ನೋಟಿಸ್ ಹೋಗಬಹುದು.

ಇನ್ನೊಂದು ವಿಷಯ. ಬ್ರಿಟನ್ನಿನ ಕಟ್ಟಡ ಕೆಲಸದ 2015ರ ನಿಯಮಗಳಲ್ಲಿ 'ಪ್ರಾಜೆಕ್ಟ್ ಮ್ಯಾನೇಜರ್' ಅನ್ನೋ ಹುದ್ದೆಗೆ ಅಂತ ಬೇರೆ ಹೊಣೆಯೇ ಇಲ್ಲ. ಕೆಲಸ ಮಾಡಿಸುವ ಗ್ರಾಹಕನಿಗೆ ಇದೆ, ಮುಖ್ಯ ಡಿಸೈನರ್‌ಗೆ ಇದೆ, ಮುಖ್ಯ ಕಾಂಟ್ರಾಕ್ಟರ್‌ಗೆ ಇದೆ. ಗ್ರಾಹಕನ ಮೊದಲ ಹೊಣೆ ಏನು ಗೊತ್ತಾ? ಸಾಕಷ್ಟು ಸಮಯ ಮತ್ತು ಸಂಪನ್ಮೂಲ ಕೊಡಬೇಕು. ಅದನ್ನು ಅವನ ಪರವಾಗಿ ದಿನಾ ಹಂಚೋದು ಯಾರು? ನೀವೇ.

ಗಡಿಯಾರ ಅವರೇ, ಬರೆದು ಕೊಡುವ ಮೊದಲು ಆ ದೇಶದ ವಕೀಲರನ್ನು ಕಾಣಿ. ಕಂಪನಿಯವರನ್ನಲ್ಲ, ನಿಮ್ಮದೇ ಒಬ್ಬರನ್ನ.

ಬೋಲ್ಟು_ನಟ್ಟು:
ಅವನು ಪ್ಯಾಲೆಟ್ ಮೇಲೆ ಯಾಕೆ ನಿಂತಿದ್ದ? ಇಷ್ಟು ಕಾನೂನು ಬಂತು, ಇದನ್ನ ಒಬ್ರೂ ಕೇಳಲಿಲ್ಲ. ನಾನು ನಿಂತಿದ್ದೀನಿ ಸಾರ್. ಕೆಳಗಿನವನು ಬ್ರೇಕ್ ಮುಟ್ಟಿದ್ರೆ ಸಾಕು, ಫೋರ್ಕ್ ಮೇಲೆ ಹಲಗೆ ಜಾರೋದು ಅಂಗಾಲಿಗೆ ಗೊತ್ತಾಗುತ್ತೆ. ಇಷ್ಟಪಟ್ಟು ಯಾರೂ ಹತ್ತಲ್ಲ. ಆಳನ್ನ ಎತ್ತೋಕೆ ಅಂತಲೇ ಇರೋ ಯಂತ್ರ, ಸಿಸರ್ ಲಿಫ್ಟ್, ಅದೆಲ್ಲಿತ್ತು?

ಹೆಲ್ಮೆಟ್_ಹೈದ:
ನಾನು ಸೇಫ್ಟಿ ಆಫೀಸರ್. ಬರಿ ಪ್ಯಾಲೆಟ್ ಮೇಲೆ ಮನುಷ್ಯನನ್ನು ಎತ್ತೋದನ್ನ ಬ್ರಿಟನ್, ಅಮೆರಿಕ ಎರಡೂ ಕಡೆ ಒಪ್ಪಲ್ಲ. ಈ ತರದ ವಿಷಯಕ್ಕೆ ದೇಶದ ಕಾನೂನು ಗೊತ್ತಿಲ್ಲ ಅನ್ನೋದು ನೆಪ. ನನ್ನ ಮಾತು ಸರಳ: ನೀವು ಕೆಲಸ ಮಾಡುವ ದೇಶಗಳಲ್ಲಿ ಯಾವುದು ಅತಿ ಬಿಗಿಯೋ ಅದನ್ನೇ ಎಲ್ಲ ಕಡೆ ಹಾಕಿ.

ಶೆಡ್ಯೂಲ್_ಶಾಸ್ತ್ರಿ:
ಅತಿ ಬಿಗಿ ಯಾವುದು ಅಂತ ಹೇಗೆ ಹೇಳ್ತೀರಿ? ಅಮೆರಿಕದ ಕಟ್ಟಡ ಕೆಲಸದಲ್ಲಿ 6 ಅಡಿ ದಾಟಿದರೆ ಬೀಳದ ಹಾಗೆ ರಕ್ಷಣೆ ಬೇಕು ಅಂತ ಲೆಕ್ಕ. ಎತ್ತರದ ಕೆಲಸಕ್ಕೆ ಬ್ರಿಟನ್ನಿನ 2005ರ ನಿಯಮದಲ್ಲಿ ಅಡಿಯ ಲೆಕ್ಕವೇ ಇಲ್ಲ, ಬಿದ್ದರೆ ಏಟಾಗುವ ಯಾವ ಎತ್ತರವೂ ಎತ್ತರವೇ. ಒಂದು ಕಡೆ ಟೇಪ್ ಹಿಡಿದು ಅಳೀತಾರೆ, ಇನ್ನೊಂದು ಕಡೆ ಯೋಚನೆ ಮಾಡಿ ಅಂತಾರೆ. ಎರಡನ್ನೂ ಸೇರಿಸಿ 60 ಪುಟದ ಫೈಲ್ ಮಾಡಿ ಮೂರನೇ ದೇಶಕ್ಕೆ ಕಳಿಸಿದರೆ ಓದೋರು ಯಾರು?

ಬಿಸಿಲುಕುದುರೆ:
ಯಾರೂ ಓದಲ್ಲ, ಸಹಿ ಹಾಕ್ತಾರೆ ಅಷ್ಟೆ. ನಾನು ಕೊಲ್ಲಿ ದೇಶಗಳಲ್ಲಿ ಸೈಟ್ ಸೂಪರ್‌ವೈಸರ್. ನಮ್ಮ ಹುಡುಗರಲ್ಲಿ ಐದು ಭಾಷೆ ಇದೆ, ಫೈಲ್ ಇಂಗ್ಲಿಷಲ್ಲಿದೆ.

ಒಂದು ಅನುಭವ ಹೇಳ್ತೀನಿ. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಯಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಸೆಕೆ, ಬಿಸಿಲು, ಗಾಳಿ ಎಲ್ಲ ಸೇರಿಸಿ ಅಳೆಯುವ ಡಬ್ಲ್ಯುಬಿಜಿಟಿ ಅನ್ನೋ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಗಂಟೆ ಎಷ್ಟೇ ಆಗಿರಲಿ ನಿಲ್ಲಿಸಬೇಕು. ಒಳ್ಳೇ ನಿಯಮ. ಆದರೆ ನಮ್ಮ ಪಿಎಂ ಇದ್ದದ್ದು ತಣ್ಣಗಿನ ಊರಲ್ಲಿ. ಅವರ ಪ್ಲಾನ್‌ನಲ್ಲಿ ಜನವರಿಗೂ ಜುಲೈಗೂ ದಿನಕ್ಕೆ ಇಷ್ಟು ಮೀಟರ್ ಅಂತ ಒಂದೇ ಲೆಕ್ಕ. ಹಗಲಲ್ಲಿ ಐದೂವರೆ ಗಂಟೆ ಹೋಯ್ತು, ಕೊನೆ ದಿನಾಂಕ ಅಲ್ಲಾಡಲಿಲ್ಲ. ಏನಾಯ್ತು? ಬೆಳಗಿನ ಜಾವ ಮೂರಕ್ಕೆ ಸ್ಕ್ಯಾಫೋಲ್ಡಿಂಗ್ ಹತ್ತಿದೆವು. ಎರಡು ಲೈಟು, ಅದರಲ್ಲಿ ಒಂದು ಮಿಣುಕುತ್ತಿತ್ತು. ಒಬ್ಬರ ಕೈಯಿಂದ ಕ್ಲಾಂಪ್ ಜಾರಿ ಇನ್ನೊಬ್ಬರ ಭುಜಕ್ಕೆ ಬಿತ್ತು. ತಲೆಗೆ ಬೀಳಬೇಕಿತ್ತು. ರಿಪೋರ್ಟಿನಲ್ಲಿ ಕಾರಣ 'ಕೆಲಸಗಾರನ ಅಜಾಗರೂಕತೆ' ಅಂತ ಬರೆದರು. ಪ್ಲಾನ್ ಹೆಸರು ಎಲ್ಲೂ ಇರಲಿಲ್ಲ. ಬರೆದವನು ನಾನೇ, ಅದೂ ಹೇಳಿಬಿಡ್ತೀನಿ.

ಮೂರು_ಗಡಿಯಾರ:
ಬೋಲ್ಟು ನಟ್ಟು ಅವರು ಕೇಳಿದ ಪ್ರಶ್ನೆಗೆ ನಿನ್ನೆಯಿಂದ ಉತ್ತರ ಬರೆದು ಅಳಿಸ್ತಿದ್ದೀನಿ.

ಸೈಟಲ್ಲಿ ಎರಡು ಸಿಸರ್ ಲಿಫ್ಟ್ ಬಾಡಿಗೆಗೆ ಇದ್ದವು. ಬಜೆಟ್ ಮೀರುತ್ತಿದೆ ಅಂತ ಒಂದನ್ನು ವಾಪಸ್ ಕಳಿಸಲು ಮೇಲ್ ಮಾಡಿದ್ದು ನಾನೇ. ಆ ವಿಡಿಯೋ ಕಾಲ್‌ಗೆ ಐದು ದಿನ ಮೊದಲು. ಅದೇ ಮೇಲ್‌ನ ಕೊನೇ ಸಾಲು: "ಇದರಿಂದ ಕೆಲಸ ನಿಲ್ಲಬಾರದು."

ಬೋಲ್ಟು_ನಟ್ಟು:
ನಿಲ್ಲಲಿಲ್ಲ.

ಶೆಡ್ಯೂಲ್_ಶಾಸ್ತ್ರಿ:
ಗಡಿಯಾರ ಅವರೇ, ಇದನ್ನ ಇಲ್ಲಿ ಬರೆಯಬಾರದಿತ್ತು. ಬರೆದದ್ದಾಯ್ತು. ನಾನೂ ಇಂಥ ಮೇಲ್ ಕಳಿಸಿದ್ದೀನಿ, ಒಂದಲ್ಲ. ಲಿಫ್ಟ್ ಕಡಿಮೆ ಆದಾಗ ಕೆಲಸದ ಕ್ರಮವನ್ನೂ ಬದಲಾಯಿಸಬೇಕಾದ್ದು ಕಾಂಟ್ರಾಕ್ಟರ್ ಅಂತ ಈಗಲೂ ಅನ್ನಿಸುತ್ತೆ. ಆದರೆ ಮೊದಲು ಹೇಳಿದಷ್ಟು ಗಟ್ಟಿಯಾಗಿ ಹೇಳಲಾರೆ.

ಹೆಲ್ಮೆಟ್_ಹೈದ:
ದೂರದಿಂದ ನಡೆಸುವ ಕೆಲಸಕ್ಕೆ ಒಂದು ಹಳೇ ಉದಾಹರಣೆ ಇದೆ. ಕೆನಡಾದ ಕ್ವೆಬೆಕ್ ಸೇತುವೆ, 1907. ಸಲಹೆಗಾರ ಇಂಜಿನಿಯರ್ ಥಿಯೊಡೋರ್ ಕೂಪರ್ ಇದ್ದದ್ದು ನ್ಯೂಯಾರ್ಕಿನಲ್ಲಿ. ಆರೋಗ್ಯ ಸರಿಯಿಲ್ಲ ಅಂತ ಸೈಟಿಗೆ ಬರ್ತಿರಲಿಲ್ಲ. ಉಕ್ಕಿನ ಭಾಗಗಳು ಬಾಗ್ತಿವೆ ಅಂತ ಸೈಟಿನವರು ಅಳೆದು ನೋಡಿದರು, ವಾದ ಮಾಡಿದರು. ಕೊನೆಗೆ ಒಬ್ಬ ಕಿರಿಯ ಇಂಜಿನಿಯರ್ ಕೂಪರ್ ಹತ್ತಿರ ನ್ಯೂಯಾರ್ಕಿಗೇ ಹೋದ. ಕೂಪರ್‌ಗೆ ಅಪಾಯ ಅರ್ಥವಾಯ್ತು. ಭಾರ ಇನ್ನು ಹೇರಬೇಡಿ ಅಂತ ಟೆಲಿಗ್ರಾಂ ಕೊಟ್ಟ. ಆದರೆ ಅದು ಹೋಗಿದ್ದು ಕ್ವೆಬೆಕ್‌ಗಲ್ಲ, ಅಮೆರಿಕದಲ್ಲೇ ಇದ್ದ ಸೇತುವೆ ಕಂಪನಿಯ ಆಫೀಸಿಗೆ. ಅದೇ ದಿನ, ಆಗಸ್ಟ್ 29ರ ಸಂಜೆ, ಸೇತುವೆ ನದಿಗೆ ಬಿತ್ತು. 75 ಜನ ಸತ್ತರು. ನಿಲ್ಲಿಸಿ ಅನ್ನುವ ಅಧಿಕಾರ ಸೈಟಲ್ಲಿ ಯಾರಿಗೂ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಕೂಪರ್‌ಗೆ ಟೆಲಿಗ್ರಾಂ ಇತ್ತು, ಗಡಿಯಾರ ಅವರಿಗೆ ವಿಡಿಯೋ ಇತ್ತು. ಬೇಜಾರು ಮಾಡ್ಕೋಬೇಡಿ ಸರ್.

ಬಿಸಿಲುಕುದುರೆ:
ಅಧಿಕಾರ ಪೇಪರಲ್ಲಿ ಈಗಲೂ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 1981ರ ಒಪ್ಪಂದದ ಪ್ರಕಾರ, ಜೀವಕ್ಕೆ ಅಪಾಯ ಅಂತ ಕೆಲಸ ಬಿಟ್ಟು ಇಳಿದವನಿಗೆ ತೊಂದರೆ ಕೊಡಬಾರದು. ನಮ್ಮಲ್ಲೂ ಗೋಡೆ ಮೇಲೆ 'ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು' ಅಂತ ಬೋರ್ಡ್ ಇದೆ. ಅದನ್ನು ನಂಬಿ ಇಳಿದ ಹುಡುಗನನ್ನು ಮರುದಿನ ಕಸ ಎತ್ತೋಕೆ ಹಾಕಿದ್ದನ್ನು ನೋಡಿದ್ದೀನಿ. ಅವನ ವೀಸಾ ಕಂಪನಿಯವರ ಕೈಲಿದೆ, ಊರಲ್ಲಿ ಸಾಲ ಇದೆ. ಹಾಗಾಗಿ ನಿಲ್ಲಿಸಿದ ದಿನದ ಕೂಲಿ, ಬಾಡಿಗೆ ಯಾರು ಕೊಡ್ತಾರೆ ಅಂತ ಪ್ಲಾನ್‌ನಲ್ಲೇ ಬರೆದಿದ್ದರೆ ಮಾತ್ರ ಆ ಬೋರ್ಡಿಗೆ ಬೆಲೆ. ಬರೆಯೋನು ಪಿಎಂ. ನಾನಲ್ಲ, ಆ ಹುಡುಗನಂತೂ ಅಲ್ಲ.

ವಕೀಲಮ್ಮ:
ಗಡಿಯಾರ ಅವರೇ, ಆ ಮೇಲ್ ಅಳಿಸೋಕೆ ಹೋಗಬೇಡಿ. ಅಳಿಸಿದರೆ ಅದೇ ಬೇರೆ ಕೇಸ್ ಆಗುತ್ತೆ. ಅಪಘಾತವನ್ನು ಅಲ್ಲಿನ ಸರ್ಕಾರಕ್ಕೆ ತಿಳಿಸಿದ್ದಾರಾ, ಅದನ್ನೂ ಕೇಳಿ. ಗಡುವು ದೇಶಕ್ಕೊಂದು. ಅಮೆರಿಕದಲ್ಲಿ ಸಾವಾದರೆ 8 ಗಂಟೆ, ಆಸ್ಪತ್ರೆಗೆ ಸೇರಿಸಿದರೆ 24 ಗಂಟೆ.

ಮೂರು_ಗಡಿಯಾರ:
ಅಳಿಸಲ್ಲ. ವಕೀಲರನ್ನು ನೋಡಿದೆ. ಸರ್ಕಾರಕ್ಕೆ ತಿಳಿಸಿದ್ದಾರೆ, ಎರಡು ದಿನ ತಡವಾಗಿ. ಆ ರಿಪೋರ್ಟ್ ತರಿಸಿ ನೋಡಿದೆ. ಕಾರಣ ಅನ್ನೋ ಜಾಗದಲ್ಲಿ 'ಕೆಲಸಗಾರ ಸಮತೋಲನ ತಪ್ಪಿದ' ಅಂತಿದೆ. ನನ್ನ ಹೇಳಿಕೆ ಜೊತೆ ಆ ಮೇಲ್ ಲಗತ್ತಿಸ್ತಿದ್ದೀನಿ.

ಎರಡನೇ ಲಿಫ್ಟ್ ನಾಳೆ ಸೈಟಿಗೆ ಬರುತ್ತೆ. ಆದರೆ ಅದನ್ನು ಓಡಿಸುವ ತರಬೇತಿ ಆದವರು ಇಬ್ಬರೇ, ಇಬ್ಬರೂ ಹಗಲು ಶಿಫ್ಟಿನವರು.

ಬೋಲ್ಟು_ನಟ್ಟು:
ಹಾಗಾದರೆ ರಾತ್ರಿ ಲಿಫ್ಟ್ ನಿಂತಿರುತ್ತೆ, ಹುಡುಗರು ಮತ್ತೆ ಪ್ಯಾಲೆಟ್ ಹತ್ತುತ್ತಾರೆ. ರಾತ್ರಿ ಮೇಲಿನ ಕೆಲಸ ಇಲ್ಲ ಅಂತ ಪ್ಲಾನ್‌ನಲ್ಲಿ ಹಾಕಿ ಸಾರ್.

ಮೂರು_ಗಡಿಯಾರ:
ಈಗ ತಾನೇ ಹಾಕಿದೆ. ಕೊನೆ ದಿನಾಂಕ 9 ದಿನ ಮುಂದಕ್ಕೆ ಹೋಯ್ತು. ಗ್ರಾಹಕರ ಗಡಿಯಾರದಲ್ಲಿ ಈಗ ಬೆಳಿಗ್ಗೆ 8:40. ಒಂಬತ್ತಕ್ಕೆ ಫೋನ್ ಮಾಡ್ತೀನಿ.