ಎತ್ತಿಟ್ಟ ಹಣವೋ, ಎತ್ತಬೇಕಾದ ಸಾಲವೋ? ಬಜೆಟ್ ಚರ್ಚೆಯ ಕೆಲವು ಪದಗಳು

ಗೆಳೆಯರಿಗೆ ನಮಸ್ಕಾರ.

ಒಂದೇ ಒಂದು ಪದದ ಬಗ್ಗೆ ಕೇಳೋಣ ಅಂತ ಶುರು ಮಾಡಿದೆ. ಬರೆಯುತ್ತಾ ಹೋದ ಹಾಗೆ ಅದು ನಾಲ್ಕೈದು ಪದಗಳಾಯಿತು. ಸ್ವಲ್ಪ ಉದ್ದವಾಗಿದೆ, ಆದರೂ ಓದಿ ನಿಮ್ಮ ಅಭಿಪ್ರಾಯ ತಿಳಿಸಿ.

ಐರ್ಲೆಂಡಿನ 2020ರ ಬಜೆಟ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಸರ್ಕಾರ ಲೆಕ್ಕ ಕೊಟ್ಟಾಗ ಎದುರು ಸಾಲಿನಲ್ಲಿ ಕೂತವರು ಅದನ್ನು ಹೇಗೆ ಕೆದಕಿ ಕೇಳಬೇಕು ಅನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ. 2019ರ ಅಕ್ಟೋಬರ್ 8ರಂದು ಹಣಕಾಸು ಸಚಿವ ಪ್ಯಾಸ್ಕಲ್ ಡೊನೊಹೊ ಅದನ್ನು ಮಂಡಿಸಿದರು. ಬ್ರಿಟನ್ ಅದೇ ತಿಂಗಳ 31ಕ್ಕೆ ಐರೋಪ್ಯ ಒಕ್ಕೂಟ ಬಿಡಬೇಕಿತ್ತು. ಹೇಗೆ ಬಿಡಬೇಕು ಅನ್ನುವ ಒಪ್ಪಂದ ಇನ್ನೂ ಕುದುರಿರಲಿಲ್ಲ. ಹಾಗಾಗಿ ಒಪ್ಪಂದ ಆಗುವುದೇ ಇಲ್ಲ ಅಂತ ಇಟ್ಟುಕೊಂಡೇ ಇಡೀ ಬಜೆಟ್ ಹೆಣೆದಿದ್ದರು. ಜೊತೆಗೆ ಸುಮಾರು 120 ಕೋಟಿ ಯೂರೋಗಳ ಒಂದು ಪ್ಯಾಕೇಜ್ ಘೋಷಿಸಿದರು.

ನಾನು ಬರೆದ ವಾಕ್ಯ ಇದು: 'ವ್ಯಾಪಾರಕ್ಕೆ ಅಡಚಣೆಯಾದರೆ ಎದುರಿಸಲು ಸರ್ಕಾರ 120 ಕೋಟಿ ಯೂರೋ ಮೀಸಲಿಟ್ಟಿದೆ.'

ಓದಲು ಚೆನ್ನಾಗಿಯೇ ಇದೆ. ನಮ್ಮ ಪತ್ರಿಕೆಗಳೂ ಹೀಗೇ ಬರೆಯುತ್ತವೆ. ಆದರೆ ಮುಂದಿನ ಸಾಲಿಗೆ ಬಂದಾಗ ಕೈ ನಿಂತಿತು. ಯಾಕೆಂದರೆ ಆ ಹಣದ ಬಹುಪಾಲು ಆಗ ಎಲ್ಲೂ ಇರಲಿಲ್ಲ. ಸುಮಾರು 20 ಕೋಟಿ ಯೂರೋ ಬಂದರು, ವಿಮಾನ ನಿಲ್ದಾಣಗಳ ವ್ಯವಸ್ಥೆ, ಸಿಬ್ಬಂದಿ, ಕಂಪ್ಯೂಟರ್ ಇಂಥ ತಯಾರಿ ಖರ್ಚಿಗೆ. ಉಳಿದದ್ದು ಒಪ್ಪಂದ ಮುರಿದುಬಿದ್ದರೆ ಮಾತ್ರ: ಕೃಷಿ, ಉದ್ಯಮ, ಪ್ರವಾಸೋದ್ಯಮಕ್ಕೆ 65 ಕೋಟಿ, ಕೆಲಸ ಕಳೆದುಕೊಂಡವರ ಭತ್ಯೆಗೆ 36.5 ಕೋಟಿ. ಆ 65 ಕೋಟಿಯಲ್ಲೂ ತಕ್ಷಣ ಕೈಗೆ ಸಿಗುತ್ತಿದ್ದದ್ದು 22 ಕೋಟಿ. ಅಂಥ ಪರಿಸ್ಥಿತಿ ಬಂದರೆ ಸಾಲ ಮಾಡಿಯೇ ಈ ಹಣ ಹೊಂದಿಸಬೇಕಿತ್ತು.

ಇದನ್ನು 'ಮೀಸಲಿಟ್ಟ ಹಣ' ಅನ್ನಬಹುದಾ? ನನ್ನ ಮುಖ್ಯ ಪ್ರಶ್ನೆ ಇದೇ.

ಮೀಸಲು ಅಂದರೆ ಬೇರೆಯವರು ಮುಟ್ಟದ ಹಾಗೆ ತೆಗೆದಿಟ್ಟದ್ದು. ಹೊಸದಾಗಿ ಕರೆದ ಹಾಲು, ಮೊದಲು ಬಿಟ್ಟ ಹಣ್ಣು, ದೇವರ ಹೆಸರಲ್ಲಿ ಎತ್ತಿಟ್ಟ ಬೆಣ್ಣೆ. 'ಮೀಸಲು ಮುರಿಯುವುದು' ಅನ್ನುತ್ತೇವೆ ನೋಡಿ, ಅಲ್ಲಿ ಮುರಿಯಲು ಮೊದಲು ಆ ವಸ್ತು ಇರಬೇಕು. ಮುಡಿಪು ಇನ್ನೂ ಗಟ್ಟಿ ಪದ. ಹರಕೆಯ ಕಾಸನ್ನು ಬಟ್ಟೆಯಲ್ಲಿ ಕಟ್ಟಿ ಗಂಟು ಹಾಕಿದರೆ ಅದು ಮುಡಿಪು. ಎಷ್ಟೇ ಕಷ್ಟ ಬಂದರೂ ಆ ಗಂಟು ಬಿಚ್ಚುವ ಹಾಗಿಲ್ಲ. ಎರಡು ಪದಗಳಲ್ಲೂ ವಸ್ತು ಕಣ್ಣೆದುರಿಗಿದೆ. ಮುಂದೆ ಸಾಲ ತಂದು ಕೊಡುತ್ತೇನೆ ಅನ್ನುವ ಮಾತಿಗೆ ಈ ಪದ ಹಚ್ಚಿದರೆ, ಇಲ್ಲದ ಹಣ ಇದೆ ಅಂತ ಓದುಗರಿಗೆ ಹೇಳಿದ ಹಾಗಾಗುತ್ತದೆ. ಇದು ಬರೀ ಶೈಲಿಯ ತಪ್ಪಲ್ಲ, ಸುದ್ದಿಯೇ ತಪ್ಪಾಗುತ್ತದೆ.

ಹುಡುಕುತ್ತಾ ಹೋದಾಗ ಸಿಕ್ಕಿದ ಒಂದು ಜೋಡಿ ನನಗೆ ತುಂಬಾ ಇಷ್ಟವಾಯಿತು. ಎತ್ತಿಡು ಅಂದರೆ ಉಳಿಸಿ ತೆಗೆದಿಡುವುದು. ಸಾಲ ಎತ್ತು ಅಂದರೆ ಸಾಲ ಮಾಡುವುದು. ಧಾತು ಒಂದೇ, ಅರ್ಥ ಎರಡು ದಿಕ್ಕಿಗೆ. 'ಇದು ಎತ್ತಿಟ್ಟ ಹಣವೋ, ಎತ್ತಬೇಕಾದ ಸಾಲವೋ?' ಇಂಥ ಬಜೆಟ್ಟಿನ ಮುಂದೆ ಎದ್ದು ನಿಲ್ಲುವ ಯಾವುದೇ ಸದಸ್ಯ ಕೇಳಬೇಕಾದ ಮೊದಲ ಪ್ರಶ್ನೆ ಇದು ಅಂತ ನನಗನಿಸುತ್ತದೆ. ಕನ್ನಡದಲ್ಲಿ ಅದು ಐದು ಪದಗಳಲ್ಲಿ ಮುಗಿಯುತ್ತದೆ. ಇನ್ನೂ ನಾಲ್ಕು ಹಂತಗಳನ್ನು ನಮ್ಮ ಸುದ್ದಿಭಾಷೆ ಕಲಸಿಬಿಡುತ್ತದೆ: ಘೋಷಿಸಿದ್ದು, ಮಂಜೂರಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು. ನಾಲ್ಕಕ್ಕೂ 'ಮೀಸಲಿಟ್ಟಿದೆ' ಅಂತ ಬರೆದರೆ ಪ್ರಶ್ನೆ ಕೇಳುವವರ ಕೈಯಿಂದ ಕೋಲು ಕಿತ್ತುಕೊಂಡ ಹಾಗೆ.

ಎರಡನೆಯದು, ಕಷ್ಟಕಾಲಕ್ಕೆ ಕೂಡಿಡುವ ನಿಧಿಯ ಹೆಸರು. ಐರ್ಲೆಂಡಿನಲ್ಲಿ ಅದಕ್ಕೆ ಆಡುಮಾತಿನಲ್ಲಿ ಇರುವ ಹೆಸರನ್ನು ಪದಕ್ಕೆ ಪದ ಇಟ್ಟರೆ 'ಮಳೆ ದಿನದ ನಿಧಿ' ಆಗುತ್ತದೆ. ಮೊದಲ ಕರಡಿನಲ್ಲಿ ನಾನೂ ಹಾಗೇ ಬರೆದಿದ್ದೆ. ಆಮೇಲೆ ಓದಿದಾಗ ಮನಸ್ಸು ಒಪ್ಪಲಿಲ್ಲ. ಕನ್ನಡದಲ್ಲಿ ಮಳೆ ಬಂತು ಅಂದರೆ ಒಳ್ಳೆಯದಾಯಿತು ಅಂತಲೇ ಅರ್ಥ. ನಾವು ಹೆದರುವುದು ಮಳೆ ಬಾರದ ವರ್ಷಕ್ಕೆ. 'ಮಳೆ ದಿನದ ನಿಧಿ' ಅಂದರೆ ನಮ್ಮ ಓದುಗರು ಬಿತ್ತನೆ ಬೀಜದ ಸಹಾಯಧನ ಅಂತ ತಿಳಿದುಕೊಂಡಾರು. ಹಾಗಾಗಿ 'ಕಷ್ಟಕಾಲದ ಇಡುಗಂಟು' ಅಂತ ತಿದ್ದಿದ್ದೇನೆ. ಆಪದ್ಧನ ಅನ್ನುವುದೂ ಇದೆ, ಆದರೆ ಇಡುಗಂಟಿನಲ್ಲಿ ಗಂಟು ಕಾಣಿಸುತ್ತದೆ. ಇದು ಯಾಕೆ ಮುಖ್ಯ ಅಂದರೆ, ಆ ವರ್ಷ ಇದೇ ಗಂಟಿಗೆ ಹಾಕಬೇಕಿದ್ದ 50 ಕೋಟಿ ಯೂರೋವನ್ನು ಹಾಕುವುದಿಲ್ಲ ಅಂತ ಅದೇ ಬಜೆಟ್ಟಿನಲ್ಲಿ ತೀರ್ಮಾನಿಸಿದರು. ಕಷ್ಟ ಬರುತ್ತಿದೆ ಅಂತ ಹೇಳುವ ದಿನವೇ ಕಷ್ಟಕಾಲದ ಗಂಟಿಗೆ ಹಣ ಇಲ್ಲ. ಸರ್ಕಾರಕ್ಕೆ ಅದರದೇ ಕಾರಣ ಇತ್ತು, ಮುಂದೆ ಸಾಲ ಮಾಡಬೇಕಾಗಬಹುದಾದಾಗ ಗಂಟು ಕಟ್ಟುವುದು ಹೇಗೆ ಅಂತ. ಆದರೂ ಕೇಳಬೇಕಾದ ಪ್ರಶ್ನೆಯೇ ಅಲ್ವಾ?

ಈಗ ಅತಿ ಕಷ್ಟದ ಪದಕ್ಕೆ ಬರುತ್ತೇನೆ. ಆಗಲೂಬಹುದು, ಆಗದೆಯೂ ಇರಬಹುದು, ಅಂಥದಕ್ಕೆ ಇಡುವ ಹಣಕ್ಕೆ ಏನನ್ನಬೇಕು? ಕರ್ನಾಟಕದ ಕಡತಗಳಲ್ಲಿ ಇದಕ್ಕೆ ಸಾದಿಲ್ವಾರು ಅನ್ನುವ ಹಳೆಯ ಪದ ಇದೆ. ಸಂವಿಧಾನದ 267ನೇ ವಿಧಿಯ ನಿಧಿಯನ್ನು ಸಾದಿಲ್ವಾರು ನಿಧಿ ಅಂತಲೇ ಕರೆಯುತ್ತಾರೆ. ಆದರೆ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಸಾದಿಲ್ವಾರು ಅಂದ ಕೂಡಲೇ ನೆನಪಾಗುವುದು ಕಾಗದ, ಶಾಯಿ, ಪೊರಕೆಯ ಚಿಲ್ಲರೆ ಖರ್ಚು. ಕಚೇರಿಯ ಹೊರಗೆ ಈ ಪದ ಕೇಳಿದವರೇ ಕಡಿಮೆ. ಇದರ ಹುಟ್ಟಿನ ಬಗ್ಗೆ ಬಲ್ಲವರು ಎರಡು ಮಾತು ಬರೆದರೆ ತುಂಬಾ ಸಂತೋಷ.

ಕೆಲವರು 'ಆಕಸ್ಮಿಕ ನಿಧಿ' ಅನ್ನುತ್ತಾರೆ. ಇಲ್ಲಿ ಅದು ಖಂಡಿತ ಹೊಂದುವುದಿಲ್ಲ. ಬೆಂಕಿ ಬೀಳುವುದು ಆಕಸ್ಮಿಕ. ಬ್ರಿಟನ್ ಹೊರಗೆ ಹೋಗುವುದಕ್ಕೆ ತಾರೀಖು ಗೊತ್ತಾಗಿತ್ತು. 2017ರ ಮಾರ್ಚ್ 29ರಂದು ಒಕ್ಕೂಟ ಬಿಡುತ್ತೇವೆ ಅಂತ ಬ್ರಿಟನ್ ಪತ್ರ ಕೊಟ್ಟಾಗಲೇ ಎರಡು ವರ್ಷದ ಗಡುವು ಶುರುವಾಯಿತು. ಮೊದಲು 2019ರ ಮಾರ್ಚ್ 29, ಆಮೇಲೆ ಏಪ್ರಿಲ್ 12, ಆಮೇಲೆ ಅಕ್ಟೋಬರ್ 31. ದಿನ ಗೊತ್ತು, ಆಗುತ್ತದೋ ಇಲ್ಲವೋ ಮಾತ್ರ ಗೊತ್ತಿಲ್ಲ. ಆಡುಮಾತಿನಲ್ಲಿ ಇದಕ್ಕೆ 'ಏನಾದರೂ ಹೆಚ್ಚುಕಮ್ಮಿ ಆದರೆ' ಅನ್ನುತ್ತೇವೆ. ಎಷ್ಟು ಚೆಂದದ ಮಾತು! ಆದರೆ 'ಹೆಚ್ಚುಕಮ್ಮಿ ನಿಧಿ' ಅಂದರೆ ಲೆಕ್ಕ ಸರಿಯಿಲ್ಲದ ನಿಧಿ ಅಂತಾಗುತ್ತದೆ. ಸದ್ಯಕ್ಕೆ 'ಒಂದು ವೇಳೆಯ ಹಣ' ಅಂತ ಬರೆದಿದ್ದೇನೆ. ಕಿವಿಗೆ ಇನ್ನೂ ಹೊಸದು. ನಿಮಗೆ ಹೇಗನ್ನಿಸುತ್ತದೆ?

ಇನ್ನು 'ಅಡಚಣೆ'. ಪತ್ರಿಕೆಗಳಲ್ಲಿ ವ್ಯತ್ಯಯ ಅನ್ನುವುದೂ ಇದೆ, ಆದರೆ ಅದನ್ನು ಕೇಳಿದರೆ ಕರೆಂಟ್ ಹೋಗಿ ಸಂಜೆ ಬರುವ ನೆನಪು. ಐರ್ಲೆಂಡಿನ ಹೆದರಿಕೆ ಬೇರೆ ಥರದ್ದು. ಅಲ್ಲಿ ಬೆಳೆಯುವ ಅಣಬೆಯ ಬಹುಪಾಲು ಬ್ರಿಟನ್ನಿಗೆ ಹೋಗುತ್ತದೆ. ಅಣಬೆ ದಿನಾ ಕೀಳಲೇಬೇಕು, ಕಿತ್ತ ಮೇಲೆ ಕೆಲವೇ ದಿನ ಬಾಳಿಕೆ. ಲಾರಿ ಬಂದರಿನಲ್ಲಿ ಕಾಗದ ತೋರಿಸುತ್ತಾ ಒಂದು ದಿನ ನಿಂತರೆ ಸರಕು ಹೋಗುತ್ತದೆ, ಬೆಲೆ ಮಾತ್ರ ಉಳಿಯುವುದಿಲ್ಲ. ಯೂರೋಪಿಗೆ ಹೋಗುವ ಲಾರಿಗಳದ್ದೂ ಅದೇ ಕಥೆ. ಡಬ್ಲಿನ್‌ನಿಂದ ಹಡಗಿನಲ್ಲಿ ವೇಲ್ಸಿನ ಹಾಲಿಹೆಡ್, ಅಲ್ಲಿಂದ ಬ್ರಿಟನ್ ಅಡ್ಡ ಹಾಯ್ದು ಡೋವರ್, ಮತ್ತೆ ಕ್ಯಾಲೆ. ಇದಕ್ಕೆ ಆಗ ಸುಮಾರು 20 ಗಂಟೆ ಹಿಡಿಯುತ್ತಿತ್ತು. ನೇರ ಸಮುದ್ರದ ದಾರಿ ಹಿಡಿದರೆ ಸುಮಾರು 40 ಗಂಟೆ ಆಗುತ್ತಿತ್ತು. ಈ ಒಳದಾರಿಗೆ 'ನೆಲಸೇತುವೆ' ಅಂತ ಪದ ಕಟ್ಟಿದ್ದೇನೆ. ಇದರ ಬಗ್ಗೆ ನನಗೆ ಅನುಮಾನ ಇಲ್ಲ.

ಹಾಗಾದರೆ ಆ ನಿಲುಗಡೆಗೆ? ನನಗೆ ತೊಡಕು ಸರಿ ಅನಿಸುತ್ತದೆ. ದಾರ ತೊಡಕಾದರೆ ಹರಿದುಹೋಗುವುದಿಲ್ಲ, ಕೂತು ಬಿಡಿಸಬೇಕು, ಅಷ್ಟರಲ್ಲಿ ಹೊತ್ತು ಹೋಗುತ್ತದೆ. ಸುಂಕ, ತಪಾಸಣೆ, ಪ್ರಮಾಣಪತ್ರ ಎಲ್ಲ ಅಂಥ ತೊಡಕೇ. 'ವ್ಯಾಪಾರದ ತೊಡಕಿಗೆ ತಯಾರಿ' ಅಂದರೆ ಅರ್ಥ ನೇರವಾಗಿ ತಲುಪುತ್ತದೆ. ತಯಾರಿ ಬಗ್ಗೆಯೂ ಒಂದು ಮಾತು: 'ತಯಾರಿ ನಡೆದಿದೆ' ಬೇರೆ, 'ತಯಾರಾಗಿದ್ದೇವೆ' ಬೇರೆ. ಮೊದಲನೆಯದನ್ನು ಎರಡನೆಯದಾಗಿ ಅನುವಾದಿಸಬಾರದು.

ಕೊನೆಯದು, ವಿರೋಧ ಪಕ್ಷವೋ ಪ್ರತಿಪಕ್ಷವೋ. ಆ ಹೊತ್ತಿಗೆ ಐರ್ಲೆಂಡಿನ ಕೆಳಮನೆಯಲ್ಲಿ ಹಣಕಾಸಿನ ಪ್ರಶ್ನೆ ಎತ್ತುತ್ತಿದ್ದವರಲ್ಲಿ ಇಬ್ಬರು ಮುಖ್ಯರು. ಶಿನ್ ಫೇನ್‌ನ ಪಿಯರ್ಸ್ ಡೊಹರ್ಟಿ, ಫಿಯನ್ನ ಫಾಯ್ಲ್‌ನ ಮೈಕಲ್ ಮೆಗ್ರಾ. ಫಿಯನ್ನ ಫಾಯ್ಲ್ 2016ರ ಒಪ್ಪಂದದಂತೆ ಬಜೆಟ್ ಮತದಾನದಲ್ಲಿ ತಟಸ್ಥವಾಗಿ ಉಳಿದು ಸರ್ಕಾರ ಬೀಳದಂತೆ ನೋಡಿಕೊಳ್ಳುತ್ತಿತ್ತು. ಪ್ರಶ್ನೆ ಕೇಳುತ್ತಿತ್ತು, ವಿರೋಧಿಸಿ ಮತ ಹಾಕುತ್ತಿರಲಿಲ್ಲ. ಅದನ್ನು 'ವಿರೋಧ ಪಕ್ಷ' ಅಂದರೆ ಸರಿಹೋಗದು. ಎದುರು ಬದಿಯಲ್ಲಿ ಕೂತ ಪಕ್ಷ ಅನ್ನುವ ಅರ್ಥದಲ್ಲಿ ಪ್ರತಿಪಕ್ಷವೇ ವಾಸಿ. ಬಜೆಟ್ಟನ್ನು ನಾನು ಬಜೆಟ್ ಅಂತಲೇ ಬಿಟ್ಟಿದ್ದೇನೆ. ಮುಂಗಡಪತ್ರ ಅಂದರೆ ಅಡ್ವಾನ್ಸ್ ಕೊಟ್ಟ ಚೀಟಿ ಅಂತ ಓದುವವರಿದ್ದಾರೆ.

ಕೊನೆಗೆ 2019ರ ಅಕ್ಟೋಬರ್ 17ಕ್ಕೆ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ನಡುವೆ ಒಪ್ಪಂದ ಕುದುರಿತು, 2020ರ ಜನವರಿ 31ಕ್ಕೆ ಬ್ರಿಟನ್ ಆ ಒಪ್ಪಂದದೊಂದಿಗೇ ಹೊರಬಂತು. 'ಮೀಸಲಿಟ್ಟಿದೆ' ಅಂತ ಓದಿದವರು, ಹಾಗಾದರೆ ಆ ಹಣ ಎಲ್ಲಿಗೆ ಹೋಯಿತು ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೇ ವಾಕ್ಯವನ್ನು ಹೀಗೆ ತಿದ್ದಿದ್ದೇನೆ:

'ಒಪ್ಪಂದವಿಲ್ಲದೆ ಬ್ರಿಟನ್ ಹೊರಬಿದ್ದು ವ್ಯಾಪಾರ ತೊಡಕಾದರೆ, ಬಹುಪಾಲು ಸಾಲ ಎತ್ತಿಯಾದರೂ 120 ಕೋಟಿ ಯೂರೋವರೆಗೆ ಖರ್ಚು ಮಾಡುವುದಾಗಿ ಸರ್ಕಾರ ಹೇಳಿದೆ.'

ಮೊದಲಿಗಿಂತ ಉದ್ದವಾಯಿತು. ಇದನ್ನು ಚಿಕ್ಕದು ಮಾಡುವ ದಾರಿ ಇದೆಯಾ? 'ಒಂದು ವೇಳೆಯ ಹಣ' ನಿಲ್ಲುತ್ತದಾ, ಅಥವಾ ಸಾದಿಲ್ವಾರನ್ನೇ ಕಚೇರಿಯಿಂದ ಹೊರಗೆ ತಂದು ಎಲ್ಲರಿಗೂ ಪರಿಚಯ ಮಾಡಿಸೋಣವಾ? ಈ ವಾರದ ಕೊನೆಗೆ ಲೇಖನ ಮುಗಿಸಬೇಕು. ಅಷ್ಟರೊಳಗೆ ಬರೆದರೆ ಉಪಕಾರ.