‘ಉತ್ತರದಾಯಿತ್ವ’ ಬೇಕೇ, ‘ಹೊಣೆ’ ಸಾಕೇ?

ಗೆಳೆಯರೇ,

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಲೆಕ್ಕಪತ್ರ ಹಗರಣದ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ‘ಕಂಪನಿ ಮುಖ್ಯಸ್ಥರ ಉತ್ತರದಾಯಿತ್ವ’ ಅಂತ ಪುಟಕ್ಕೆ ಮೂರು ಸಲ ಬರುತ್ತದೆ. ಅಕೌಂಟಬಿಲಿಟಿ ಅನ್ನೋದಕ್ಕೆ ಹಾಕಿದ್ದು. ಓದಿದರೆ ನಾಲಿಗೆ ತೊಡರುತ್ತದೆ. ಬೇರೆ ಏನು ಬಳಸಬಹುದು?

‘ಜವಾಬ್ದಾರಿ’ ಎಲ್ಲರಿಗೂ ಹೊಳೆಯುತ್ತದೆ. ಜವಾಬು ಅಂದರೆ ಉತ್ತರವೇ. ಆದರೆ ಈಗ ಅದು ವಹಿಸಿಕೊಂಡ ಕೆಲಸ ಅಂತಲೇ ಜಾಸ್ತಿ ಬಳಕೆ. ‘ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರ ಜವಾಬ್ದಾರಿ’ ಎಂದರೆ ಕಂಪನಿ ನಡೆಸೋದೋ, ಮೋಸಕ್ಕೆ ಉತ್ತರ ಹೇಳೋದೋ?

ನನಗೆ ‘ಹೊಣೆ’ ಹಿಡಿಸುತ್ತದೆ. ಹಳೆಯ ಬಳಕೆಯಲ್ಲಿ ಹೊಣೆ ಅಂದರೆ ಜಾಮೀನು. ಸಾಲಕ್ಕೆ ಹೊಣೆ ನಿಂತವನು ತಾನು ಒಂದು ಪೈಸೆ ಮುಟ್ಟದಿದ್ದರೂ ಕಟ್ಟಿಕೊಡಬೇಕು. ಲೆಕ್ಕಪತ್ರಕ್ಕೆ ಸಹಿ ಹಾಕೋದೂ ಹಾಗೇ ಅಲ್ವಾ? ಲೆಕ್ಕದಲ್ಲಿ ಮೋಸ ಮಾಡಿ ಎನ್ರಾನ್ ಕಂಪನಿ ಮುಳುಗಿದ ಮೇಲೆ ಅಮೆರಿಕ 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ತಂದಿತು. ಹಣಕಾಸು ವರದಿ ಸರಿಯಿದೆ ಎಂದು ಸಿಇಒ (ಕಂಪನಿ ಮುಖ್ಯಸ್ಥ), ಸಿಎಫ್ಒ (ಹಣಕಾಸು ಮುಖ್ಯಸ್ಥ) ಇಬ್ಬರೂ ಖುದ್ದಾಗಿ ದೃಢೀಕರಿಸಬೇಕು. ಸುಳ್ಳೆಂದು ಗೊತ್ತಿದ್ದೂ ಬೇಕೆಂದೇ ಹಾಗೆ ಮಾಡಿದರೆ 20 ವರ್ಷದವರೆಗೆ ಜೈಲು. ‘ಕೆಳಗಿನವರು ಮಾಡಿದ್ದು, ನನಗೇನು ಗೊತ್ತು’ ಅಂತ ಜಾರಿಕೊಳ್ಳೋದು ಇದರಿಂದ ಕಷ್ಟವಾಯಿತು.

ಆದರೆ ‘ನೈತಿಕ ಹೊಣೆ ಹೊತ್ತು ರಾಜೀನಾಮೆ’ ಅಂತ ಪತ್ರಿಕೆಗಳಲ್ಲಿ ಓದಿ ಓದಿ ಈ ಪದ ಸವೆದಿದೆ. ತಾವಾಗಿ ಹೊರುತ್ತಾರೆ, ಮನೆಗೆ ಹೋಗುತ್ತಾರೆ, ಮುಗೀತು. ಅದಕ್ಕೇ ನಾನು ‘ಹೊಣೆ ಹೊರು’ ಬಿಟ್ಟು ‘ಹೊಣೆ ಮಾಡು’ ಹಿಡಿದಿದ್ದೇನೆ. ಅಲ್ಲಿ ಕೇಳುವವರು ಬೇರೆಯವರು.

ಇನ್ನೊಂದು ತೊಡಕಿದೆ. 2009ರ ಜನವರಿ 7ರ ಪತ್ರದಲ್ಲಿ ರಾಜು, ಇಲ್ಲದ 5,040 ಕೋಟಿ ರೂಪಾಯಿಯನ್ನು ಲೆಕ್ಕದಲ್ಲಿ ತೋರಿಸಿದ್ದಾಗಿ ಒಪ್ಪಿಕೊಂಡರು. ನಿರ್ದೇಶಕರಿಗೆ ಇದು ತಿಳಿದಿರಲಿಲ್ಲ ಅಂತಲೂ ಬರೆದರು. ಆದರೂ ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಇಡೀ ಆಡಳಿತ ಮಂಡಳಿಯನ್ನು ಬದಲಿಸಿತು. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಮಂದಿಯನ್ನು ಅಪರಾಧಿಗಳೆಂದಿತು. ಅವರಿಗೆ ‘ಅಪರಾಧಿ’ ಎಂಬ ಪದ ಸಿಕ್ಕಿತು. ಮಂಡಳಿಯಲ್ಲಿ ಕೂತಿದ್ದೂ ಅಷ್ಟು ದೊಡ್ಡ ತೂತು ಕಾಣದವರಿಗೆ? ‘ತಪ್ಪಿತಸ್ಥರು’ ಅಂದರೆ ಜಾಸ್ತಿಯಾಯಿತು. ‘ಹೊಣೆಗಾರರು’ ಅಂದರೆ ಓದುಗರಿಗೆ ಆ ವ್ಯತ್ಯಾಸ ತಿಳಿಯುತ್ತದಾ?

ಆಡಿಟ್, ಬ್ಯಾಂಕ್ ಕೆಲಸದಲ್ಲಿರುವವರು ದಯವಿಟ್ಟು ಹೇಳಿ. ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಆಸ್ತಿಯ ಎದುರಿಗೆ ಬರೋ ಲಯಬಿಲಿಟಿಗೂ, ಅಂದರೆ ಕಂಪನಿ ಕೊಡಬೇಕಾದ ಬಾಕಿಗೂ, ‘ಹೊಣೆಗಾರಿಕೆ’ ಅಂತ ಬರೆಯೋದುಂಟು. ಒಂದೇ ಬರಹದಲ್ಲಿ ಎರಡೂ ಬಂದರೆ ನೀವು ಹೇಗೆ ನಿಭಾಯಿಸುತ್ತೀರಿ?